ಅಂಗೈ ಮೇಲಿನ ಬೊಂಬೆ

"ಅಯ್ಯೋ, ಅಪ್ಪ ಬಂದ್ರು!" ಎಂದು ಪ್ರೇಮಕುಮಾರಿ ದಡಬಡಿಸಿ ಎದ್ದಳು.

ಯಾರೂ ಬಂದಿರಲಿಲ್ಲ. ಬಾಗಿಲ ಹಿಂದೆ ನಿಂತು ಅವಳಪ್ಪನ ದನಿಯಲ್ಲಿ "ಏನಮ್ಮಾ, ನಡೀತಿದ್ಯಾ ಮಣ್ಣಾಟ?" ಅಂದವನು ನಾನು. ಎದ್ದ ರಭಸಕ್ಕೆ ಅವಳ ಅಂಗೈ ಮೇಲಿದ್ದ ಮಣ್ಣಿನ ಬೊಂಬೆ ಬಿದ್ದು ಮೂಗು ಚಪ್ಪಟೆಯಾಯಿತು.

"ನಿಮ್ಮ ಮೂಗು ಚಪ್ಪಟೆ ಆಗ್ಬೇಕಿತ್ತು."

"ಆಯ್ತಲ್ಲ. ಅದು ನನ್ನ ನೋಡ್ಕೊಂಡೇ ಮಾಡಿದ ಮೂಗು."

ಅದು ಅರವತ್ತನಾಲ್ಕನೇ ಇಸವಿ. ಬೀರಲಿಂಗಯ್ಯನೆಂಬ ನಾನು ಬಿ.ಎಸ್ಸಿ. ಮುಗಿಸಿ ಹೊಳೆನರಸೀಪುರಕ್ಕೆ ಬಂದು, ಕೆಲಸ ಹುಡುಕುವುದು ಬಿಟ್ಟು ಸಿನಿಮಾ ತೆಗೆಯುತ್ತಿದ್ದೆ. ಹಳೇಕೋಟೆ ಕೆರೆಯ ಜೇಡಿಮಣ್ಣು, ಅದು ಬಿರುಕು ಬಿಡದಿರಲು ಹರಳೆಣ್ಣೆ, ಸೆಕೆಂಡ್ ಹ್ಯಾಂಡ್ ಕ್ಯಾಮೆರಾ. "ಡಿಗ್ರಿ ಮಾಡಿ ಮಣ್ಣು ತಿಂತವ್ನೆ" ಅಂತಿದ್ದರು ಊರಲ್ಲಿ. ತಿಂದಿರಲಿಲ್ಲ, ಕಲಸಿದ್ದೆ ಅಷ್ಟೆ.

ಮಕ್ಕಳ ಸಿನಿಮಾ ಎಂದು ಹೆಡ್‌ಮಾಸ್ಟರ್ ಗಂಗಾಧರಯ್ಯನವರು ರಜೆಯಲ್ಲಿ ಸ್ಕೂಲಿನ ಕೋಣೆ ಕೊಟ್ಟಿದ್ದರು. ಅಲ್ಲೇ ಟೀಚರಾಗಿದ್ದ ಮಗಳು ಪ್ರೇಮಾಳನ್ನೂ ನಟಿಸಲು ಬಿಟ್ಟಿದ್ದರು. ಮಣ್ಣಿನ ಪುಟಾಣಿ ಮನುಷ್ಯ ಟೀಚರ್ ಅಂಗೈ ಮೇಲೆ ನಡೆದು ಬರಬೇಕು. ಬೊಂಬೆಯ ಕಾಲನ್ನು ಒಂಚೂರು ಸರಿಸಬೇಕು, ಹಿಂದೆ ಬಂದು ಒಂದೇ ಒಂದು ಚಿತ್ರ ತೆಗೆಯಬೇಕು, ಮತ್ತೆ ಸರಿಸಬೇಕು. ಅಷ್ಟು ಹೊತ್ತೂ ಅವಳು ಅಲುಗದೆ ಕೂರಬೇಕು.

"ಕಣ್ಣು ಬೊಂಬೆ ಮೇಲಿರ್ಲಿ," ಅಂದೆ.

"ಸರಿ ಸಾ," ಅಂದಳು, ತುಟಿ ಕಚ್ಚಿ.

ನನ್ನ ಕಣ್ಣಂತೂ ಬೊಂಬೆಯ ಕಾಲು ಬಿಟ್ಟು ಕದಲಲಿಲ್ಲ.

ಕೊನೆಯ ದಿನ ಕೈ ಒರೆಸಿಕೊಳ್ಳುತ್ತ ಹೇಳಿದಳು: "ಚನ್ನರಾಯಪಟ್ಟಣದಿಂದ ಸಂಬಂಧ ಬಂದಿದೆ. ತಾಲ್ಲೂಕು ಕಚೇರೀಲಿ ಗುಮಾಸ್ತರಂತೆ. ಅಪ್ಪ ನನ್ನ ಕೇಳ್ತಿದಾರೆ. ಏನು ಹೇಳ್ಲಿ?"

ಎಲ್ಲರ ದನಿಯಲ್ಲೂ ಮಾತಾಡಬಲ್ಲ ನನಗೆ ನನ್ನ ದನಿಯೇ ಹೊರಡಲಿಲ್ಲ. "ಒಳ್ಳೇ ಕೆಲಸ," ಅಂದುಬಿಟ್ಟೆ.

ರೀಲು ಬೊಂಬಾಯಿಯ ಲ್ಯಾಬಿನಲ್ಲಿ ತೊಳೆಸಿಕೊಂಡು ವಾಪಸ್ ಬಂತು. ಕಿಟಕಿಗಳಿಗೆ ಕಂಬಳಿ ಹೊದಿಸಿ, ಬ್ಲಾಕ್ ಆಫೀಸಿನ ಪ್ರೊಜೆಕ್ಟರ್ ಹಚ್ಚಿದೆ. ನೋಡುವವರು ಅಪ್ಪ, ಮಗಳು, ನಾನು.

ಬೊಂಬೆ ನಡೆಯಿತು! ಒಂದು ಸಲವೂ ಎಡವದೆ ಅಂಗೈ ದಾಟಿತು. ಆದರೆ ಟೀಚರ್ ಅದನ್ನು ನೋಡುತ್ತಲೇ ಇಲ್ಲ. ಮೊದಲಿನಿಂದ ಕೊನೆವರೆಗೂ ಅವಳ ಕಣ್ಣು ಕ್ಯಾಮೆರಾ ಹಿಂದೆ ನಿಂತವನ ಮೇಲೆ.

ರೀಲು ಮುಗಿಯಿತು. ಕೋಣೆ ಕತ್ತಲಾಯಿತು. ದಡ್ಡ ನಾನು ಸಿನಿಮಾದ ಚಿಂತೆಯನ್ನೇ ಮಾಡಿದೆ.

"ಕಣ್ಣು ತಪ್ಪಿದೆ. ಮತ್ತೆ ತೆಗೀಬೇಕು."

"ಎಷ್ಟು ಸಲ ತೆಗೆದ್ರೂ ಹಂಗೇ ಬರೋದು," ಅಂದಳು ಪ್ರೇಮಾ.

ಆಗ ನನಗೆ ತಿಳಿಯಿತು. "ಹಂಗಾದ್ರೆ... ಆ ಗುಮಾಸ್ತರನ್ನ ಒಪ್ಕೋಬೇಡಿ," ಅಂದೆ. ನನ್ನದೇ ದನಿಯಲ್ಲಿ.

ಕತ್ತಲಲ್ಲಿ ಕೆಮ್ಮು. "ಚನ್ನರಾಯಪಟ್ಟಣದೋರಿಗೆ ಬೇಡ ಅಂತ ಹೇಳಿ ಕಳಿಸೋಣ."

"ಥೂ, ಇಂಥಾ ಹೊತ್ತಲ್ಲೂ ಅಪ್ಪನ ಅಣಕಿಸ್ತೀರಲ್ರೀ!"

ನಾನು ಬಾಯಿ ಬಿಟ್ಟಿರಲಿಲ್ಲ.

"ಅವನಲ್ಲ ಕಣಮ್ಮ, ನಾನೇ," ಎಂದರು ಗಂಗಾಧರಯ್ಯನವರು, ಕಿಟಕಿಯ ಕಂಬಳಿ ಸರಿಸುತ್ತ.