ಜೆರೇನಿಯಂ ಕುಂಡಕ್ಕೆ ಸುರಿದ ವೈನ್

"ಏನ್ರೀ ಮಾಡ್ತಿದ್ದೀರಾ ಅಲ್ಲಿ?!"

ಖಾತುನಾಳ ದನಿಗೆ ಆ ಯುವಕ ಬೆಚ್ಚಿಬಿದ್ದ. ಅವನ ಕೈಯಲ್ಲಿದ್ದ ಲೋಟ ಖಾಲಿಯಾಗಿತ್ತು. ಅಜ್ಜಿಯ ಜೆರೇನಿಯಂ ಕುಂಡದ ಬುಡದಿಂದ ಜೇನುಬಣ್ಣದ ವೈನ್ ತೊಟ್ಟಿಕ್ಕುತ್ತಿತ್ತು.

ಬೇರೆ ಯಾರ ವೈನ್ ಆಗಿದ್ದರೂ ಅವಳು ಕ್ಷಮಿಸಿಬಿಡುತ್ತಿದ್ದಳೇನೋ. ಆದರೆ ಅದು ಅವಳದು! ಹೋದ ಸುಗ್ಗಿಯಲ್ಲಿ ತಾನೇ ದ್ರಾಕ್ಷಿ ತುಳಿದು, ಅಂಗಳದಲ್ಲಿ ಹೂತ ಗುಡಾಣಕ್ಕೆ ತುಂಬಿ, ಚಳಿಗಾಲವಿಡೀ ಕಾದು ತೆಗೆದ ಮೊಟ್ಟಮೊದಲ ವೈನ್...

"ಅದು... ಗಿಡ ಒಣಗಿತ್ತು," ಎಂದ ಅವನು.

"ಗಿಡಕ್ಕೆ ನೀರು ಹಾಕ್ತಾರೆ ಕಣ್ರೀ!"

ಅಷ್ಟರಲ್ಲಿ ಮನಾನಾ ಅತ್ತೆ ಜಗುಲಿಗೆ ನುಗ್ಗಿದಳು. "ಬೆಸೊ, ಇಲ್ಲಿದ್ದೀಯೇನಪ್ಪಾ! ಖಾತುನಾ, ಇವನು ನಿಮ್ಮ ಮಾವನ ಅಣ್ಣನ ಮಗ ಕಣೇ. ದನದ ಡಾಕ್ಟ್ರು. ಕುಡಿಯೋಕೆ ಕೂತ್ರೆ ಕೊಂಬುಗಟ್ಟಲೆ ವೈನ್ ಇಳಿಸ್ತಾನೆ, ನೋಡ್ತಿರು!"

ಬೆಸೊನ ಮುಖ ಸುಣ್ಣದಂತಾಯಿತು. ಖಾತುನಾ ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ನಡೆದಳು.

ಇವತ್ತಿನ ಊಟ ಅವಳ ಪಾಲಿಗೆ ಬರೀ ಊಟವಾಗಿರಲಿಲ್ಲ. ರಾಜಧಾನಿ ತ್ಬಿಲಿಸಿಯಲ್ಲಿ ವೈನ್ ರುಚಿ ನೋಡುವ ವಿದ್ಯೆ ಕಲಿತು, ಅಲ್ಲಿಯ ಅಂಗಡಿಯೊಂದರಲ್ಲಿ ಬಾಟಲಿ ಮಾರಿ ಬೇಸತ್ತು, ಅವಳು ದ್ರಾಕ್ಷಿತೋಟಗಳ ನಾಡಾದ ಕಾಖೇತಿಯ ಈ ಮನೆಗೆ ಮರಳಿದ್ದಳು. ಈ ಮೇಲಿನ ಜಗುಲಿಯಲ್ಲಿ ಮೇಜು ಹಾಕಿ, ಊರಿಗೆ ಬರುವವರಿಗೆ ಊಟ ಬಡಿಸಬೇಕು, ಒಂದೊಂದು ಅಡುಗೆಗೂ ಹೊಂದುವ ವೈನ್ ಕೊಡಬೇಕು... ಅದೇ ಅವಳ ಆಸೆ.

ಶಾಲ್ವಾ ತಾತ ಮಾತ್ರ ಜಗ್ಗಿರಲಿಲ್ಲ. "ಅಡುಗೆ ಹತ್ತು ಥರ ಇರ್ಲಿ ಮಗಾ. ವೈನ್ ಒಂದೇ. ನಂದು!"

ಮನೆಯವರನ್ನೆಲ್ಲ ಕೂರಿಸಿ ಒಮ್ಮೆ ಬಡಿಸಿ ತೋರಿಸುತ್ತೇನೆಂದು ಹಟ ಹಿಡಿದವಳು ಅವಳೇ. ಇವತ್ತೂ ತಾತ ಒಪ್ಪದಿದ್ದರೆ ಸೋಮವಾರ ಮತ್ತೆ ತ್ಬಿಲಿಸಿಯ ವ್ಯಾನು, ಮತ್ತೆ ಅದೇ ಅಂಗಡಿ.

"ಹುಡುಗ ಹೇಗಿದ್ದಾನೆ?" ಅಡುಗೆಮನೆಯಲ್ಲಿ ನಾನುಲಿ ಅಜ್ಜಿ ಮೆಲ್ಲಗೆ ಕೇಳಿದಳು.

"ಯಾವ ಹುಡುಗ?"

"ಅದೇ ದನದ ಡಾಕ್ಟ್ರು. ನಿನಗೆ ತೋರಿಸೋಕೇ ಅಲ್ವಾ ನಿಮ್ಮತ್ತೆ ಕರ್ಕೊಂಡು ಬಂದಿರೋದು!"

ಖಾತುನಾಳ ಕೈಯಲ್ಲಿದ್ದ ಸೌಟು ಬಾಣಲೆಗೆ ಬಿತ್ತು. 'ನನ್ನ ವೈನ್ ಬಾಯಿಗಿಡೋಕೂ ಆಗದೆ ಕುಂಡಕ್ಕೆ ಸುರಿದವನು ನನ್ನ ಮದುವೆ ಆಗ್ತಾನಂತೆ! ಇರಲಿ, ತೋರಿಸ್ತೀನಿ...'

ಊಟ ಶುರುವಾಯಿತು. ಪಂಕ್ತಿಯ ಯಜಮಾನನಾಗಿ ಕೂತ ತಾತ ಲೋಟ ಎತ್ತಿ ಹಾರೈಕೆಯ ಮೇಲೆ ಹಾರೈಕೆ ಹೇಳಿದ. ಪ್ರತಿ ಸಲವೂ ತನ್ನದೇ ಹೂಜಿಯಿಂದ ತನ್ನದೇ ವೈನ್ ಬಗ್ಗಿಸಿಕೊಂಡ. ಮೊಮ್ಮಗಳ ಲೋಟಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಮೀನಿಗೆ ತ್ಬಿಲಿಸಿಯಿಂದ ಆರಿಸಿ ತಂದ ತೆಳುವಾದ ಬಿಳಿ ವೈನ್. ಕೆಂಡದಲ್ಲಿ ಸುಟ್ಟ ಹಂದಿಮಾಂಸಕ್ಕೆ ಕಡುಗೆಂಪು ವೈನ್. ಖಾತುನಾ ಎಲ್ಲರಿಗಿಂತ ಮೊದಲು ಬೆಸೊನ ಲೋಟವನ್ನೇ ತುಂಬಿಸುತ್ತಿದ್ದಳು, ಅದೂ ಅಂಚಿನವರೆಗೆ!

"ಕುಡೀರಿ ಡಾಕ್ಟ್ರೇ. ನಾಚ್ಕೋಬೇಡಿ."

"ಇಲ್ಲ... ಹ್ಞಾಂ... ಕುಡೀತೀನಿ."

ಅವನು ಲೋಟವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದ, ಕಣ್ಣು ಮುಚ್ಚುತ್ತಿದ್ದ. ಅವಳು ಅತ್ತ ತಿರುಗಿದೊಡನೆ ಪಕ್ಕದಲ್ಲಿದ್ದ ಮನಾನಾ ಅತ್ತೆಯ ಲೋಟಕ್ಕೆ ಬಗ್ಗಿಸಿಬಿಡುತ್ತಿದ್ದ. ಅತ್ತೆಗೋ ತನ್ನ ಲೋಟ ಖಾಲಿಯೇ ಆಗುತ್ತಿಲ್ಲವಲ್ಲ ಎಂಬ ಸಂತೋಷ. ಮಾಂಸದ ತಟ್ಟೆ ಬರುವ ಹೊತ್ತಿಗೆ ಅವಳು ಗಂಡನ ಹೆಗಲಿಗೆ ತಲೆಯಾನಿಸಿ ತನ್ನ ಮದುವೆಯ ಹಾಡು ಹಾಡತೊಡಗಿದ್ದಳು.

ಖಾತುನಾ ಎಲ್ಲವನ್ನೂ ನೋಡಿದಳು. ಕೋಪದ ಕೆಳಗೆ ಏನೋ ಚುಚ್ಚಿತು. 'ನಾನು ಮಾಡಿದ್ದು, ಆರಿಸಿದ್ದು ಎಲ್ಲಾ ಅಷ್ಟೊಂದು ಕೆಟ್ಟದಾಗಿದ್ಯಾ?' ಕಣ್ಣು ತುಂಬಿ ಬಂತು.

ಕೊನೆಗೆ ಅಕ್ರೋಟಿನ ಮಸಾಲೆ ಸವರಿದ ಬದನೆಕಾಯಿ ತಂದಿಟ್ಟಳು. ತಾನೇ ಮಾಡಿದ ಜೇನುಬಣ್ಣದ ವೈನ್ ಅವಳು ಎತ್ತಿಟ್ಟಿದ್ದೇ ಅದರ ಜೊತೆಗೆಂದು.

ತಾತ ಗೋಡೆಯಿಂದ ವೈನ್ ಕುಡಿಯುವ ದೊಡ್ಡ ಕೊಂಬನ್ನು ಇಳಿಸಿದ. "ಎಲ್ಲಿ, ನಮ್ಮ ಡಾಕ್ಟ್ರ ಗಂಡಸ್ತನ ನೋಡೋಣ! ಖಾತುನಾ, ತುಂಬಿಸು. ನಿನ್ನ ವೈನೇ ಹಾಕು, ಶಿಕ್ಷೆ ಆದಂಗೆ ಆಗ್ಲಿ!"

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೊಂಬು ತುಂಬಿಸಿ ಬೆಸೊನ ಕೈಗೆ ಕೊಟ್ಟಳು. ತುಂಬಿದ ಕೊಂಬನ್ನು ಕೆಳಗಿಡುವ ಹಾಗಿಲ್ಲ, ಇಟ್ಟರೆ ಚೆಲ್ಲುತ್ತದೆ. ಸುತ್ತ ಇಷ್ಟು ಕಣ್ಣುಗಳಿರುವಾಗ ಅತ್ತೆಯ ಲೋಟವೂ ಉಪಯೋಗವಿಲ್ಲ.

ಬೆಸೊ ಎದ್ದು ನಿಂತ. ಕೊಂಬನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ತಾತ... ನನ್ನ ಕ್ಷಮಿಸಿ. ನಾನು ಕುಡಿಯೋ ಹಾಗಿಲ್ಲ. ಹೋದ ವಾರ ನಾಯಿ ಕಚ್ಚಿದೆ. ಇಂಜೆಕ್ಷನ್ ಮುಗಿಯೋವರೆಗೂ ಬೇಡ ಅಂದಿದ್ದಾರೆ."

"ದನದ ಡಾಕ್ಟ್ರಿಗೇ ನಾಯಿ ಕಚ್ಚಿತಾ!" ತಾತ ಮೇಜು ಕುಟ್ಟಿ ನಕ್ಕ. "ಯಾರ ಮನೇದಪ್ಪಾ ಆ ಪುಣ್ಯಾತ್ಮ ನಾಯಿ?"

"ನಿಮ್ದೇ ತಾತ. ಮುರಿಯಾ."

ನಗು ಗಕ್ಕನೆ ನಿಂತಿತು.

"ಪ್ರತಿ ವರ್ಷ ನಾಯಿಗೆ ಚುಚ್ಚೋಕೆ ಬಂದವರನ್ನ ನೀವು ಗೇಟಿಂದಾನೇ ಓಡಿಸ್ತೀರಂತೆ. ಅದಕ್ಕೇ ನಾನು ಚುಚ್ಚಿಸ್ಕೊಳ್ತಾ ಇದ್ದೀನಿ."

"ಎಲ್ಲಿಗೆ ಕಚ್ಚಿತು?" ಎಂದಳು ಅಜ್ಜಿ ಗಾಬರಿಯಿಂದ.

ಬೆಸೊ ಕೆಂಪಾದ. "ಓಡ್ತಿದ್ದೆ ಅಜ್ಜಿ... ಓಡೋನಿಗೆ ಎಲ್ಲಿ ಕಚ್ಚತ್ತೆ?"

ಊಟದುದ್ದಕ್ಕೂ ಅವನೇಕೆ ಒಂದೇ ಮಗ್ಗುಲಿಗೆ ವಾಲಿ ಕೂತಿದ್ದನೆಂದು ಆಗ ಎಲ್ಲರಿಗೂ ತಿಳಿಯಿತು! ಖಾತುನಾ ತುಟಿ ಕಚ್ಚಿಕೊಂಡಳು. ನಗುವೋ, ಅಳುವೋ, ಅವಳಿಗೇ ಗೊತ್ತಾಗಲಿಲ್ಲ.

"ನಮ್ಮ ಗೇಟಿಗೆ ಯಾಕ್ರೀ ಬಂದಿದ್ರಿ?"

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ತೆಲಾವಿ ಮಾರ್ಕೆಟ್ಟಲ್ಲಿ ಚೀಸ್ ಮಾರೋವಳ ಹತ್ರ ಜಗಳ ಆಡ್ತಿದ್ರಿ. ಪಕ್ಕದಲ್ಲಿದ್ದ ನನ್ನ ಕೈಗೆ ಒಂದು ಚೂರು ಇಟ್ಟು, 'ನೀವೇ ಹೇಳಿ, ಉಪ್ಪು ಜಾಸ್ತಿ ಅಲ್ವಾ?' ಅಂದ್ರಿ. ನನ್ನ ಮುಖ ನೋಡ್ಲೂ ಇಲ್ಲ, ಹೊರಟೇ ಹೋದ್ರಿ. ನನಗೆ ಉತ್ತರ ಹೇಳಬೇಕಿತ್ತು... ಅದಕ್ಕೇ ಅವತ್ತು ಮನೆ ಹುಡುಕ್ಕೊಂಡು ಬಂದೆ."

ಅತ್ತೆಯ ಹಾಡೂ ನಿಂತುಹೋಗಿತ್ತು.

"ಆ ಕೊಂಬು ಹೀಗೇ ಹಿಡ್ಕೊಂಡು ನಿಂತಿರ್ತೀಯಾ? ಕೊಡಿಲ್ಲಿ!" ತಾತ ಗದರಿದ. ಅತಿಥಿ ಕುಡಿಯಲಾರದ ಕೊಂಬನ್ನು ಪಂಕ್ತಿಯ ಯಜಮಾನನೇ ಮುಗಿಸಬೇಕು. ಬೇರೆ ದಾರಿಯಿರಲಿಲ್ಲ. ತಾತ ಕಷಾಯ ಕುಡಿಯುವವನಂತೆ ಮುಖ ಹಿಂಡಿ ಕೊಂಬನ್ನೆತ್ತಿದ.

ಒಂದು ಗುಟುಕು. ತಾತ ತಡೆದ. ಬದನೆಕಾಯಿಯ ಒಂದು ತುಂಡು ಬಾಯಿಗೆ ಹಾಕಿಕೊಂಡ. ಮತ್ತೊಂದು ಗುಟುಕು. ಆಮೇಲೆ ಕೊಂಬು ಬರಿದಾಗುವವರೆಗೂ ಕೆಳಗಿಳಿಸಲಿಲ್ಲ.

"ತಾತ?" ಖಾತುನಾ ಒಂದು ಹೆಜ್ಜೆ ಮುಂದೆ ಬಂದಳು.

ತಾತ ಮೀಸೆ ಒರೆಸಿಕೊಂಡ. ಅವಳ ಕಡೆ ನೋಡದೆ ಖಾಲಿ ಕೊಂಬನ್ನು ಮುಂದೆ ಚಾಚಿದ. "ಇನ್ನೊಂದ್ಸಲ ಹಾಕು. ಸರಿಯಾಗಿ ಗೊತ್ತಾಗ್ಲಿಲ್ಲ."

"ರೀ! ನಾಚಿಕೆ ಬಿಟ್ಟು ಚೆನ್ನಾಗಿದೆ ಅನ್ನಿ!" ಅಜ್ಜಿ ಸಿಡುಕಿದಳು.

"ಚೆನ್ನಾಗಿದೆ, ಚೆನ್ನಾಗಿದೆ! ಜಗುಲಿ ತಗೊಳ್ಲಿ, ಮೇಜು ಹಾಕ್ಲಿ. ಮೊದಲು ಆ ಹಾಳು ನಾಯಿಗೆ ಚುಚ್ಚಿಸ್ರೋ!"

ಖಾತುನಾ ತಾತನ ಕುತ್ತಿಗೆ ತಬ್ಬಿ ಅತ್ತೇಬಿಟ್ಟಳು.

ಸಂಜೆ ಬೆಸೊ ಹೊರಟಾಗ ಅವಳು ಮುರಿಯಾನ ಪಟ್ಟಿ ಬಿಗಿಯಾಗಿ ಹಿಡಿದು ಗೇಟಿನವರೆಗೂ ಬಂದಳು.

"ನನ್ನ ವೈನ್ ಹಿಡಿಸಲಿಲ್ಲ ಅಂದ್ಕೊಂಡಿದ್ದೆ..."

"ಸುರಿಯೋ ಮುಂಚೆ ಪ್ರತಿ ಲೋಟಾನೂ ಮೂಸಿದ್ದೀನಿ. ಸುರಿಯುವಾಗ ಹೊಟ್ಟೆ ಉರೀತಿತ್ತು ಕಣ್ರೀ."

ಅವಳು ನಕ್ಕಳು. "ಮತ್ತೆ ಚೀಸು? ಉಪ್ಪು ಜಾಸ್ತಿ ಇತ್ತಾ?"

"ತುಂಬಾ. ಆದ್ರೂ ಪೂರ್ತಿ ತಿಂದೆ."

ಹೋಗುವವನು ಹೋಗಲಿಲ್ಲ, ಕಳಿಸುವವಳು ಕಳಿಸಲಿಲ್ಲ.

"ಇನ್ನೊಂದ್ಸಲ ಬಂದ್ರೆ ಒಳಗೆ ನುಗ್ಗಬೇಡಿ," ಎಂದಳು ಖಾತುನಾ. "ಗೇಟಿನ ಹೊರಗೆ ನಿಂತು ಹೆಸರು ಹಿಡಿದು ಕೂಗಿ."

"ಯಾರ ಹೆಸರು? ತಾತಂದಾ?"

"ನಂದು!"

ಬೆಸೊ ತಲೆಯಾಡಿಸಿ ಗೇಟು ದಾಟಿದ, ಹಿಂದಿನಿಂದ ಎಚ್ಚರಿಕೆಯಿಂದ ಅಗಳಿ ಹಾಕಿದ. ಎರಡು ಹೆಜ್ಜೆ ನಡೆದವನು ನಿಂತು ತಿರುಗಿದ.

"ಖಾತುನಾ...!"

ಬೀದಿಗೆಲ್ಲ ಕೇಳಿಸಿತು.

"ಬಂದೆ!" ಎಂದಳು ಅವಳು, ಅಗಳಿಗೆ ಕೈ ಹಾಕುತ್ತಾ.