ಭಾವನ ಎಡಗಾಲಿನ ಶೂ

ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಹೋಟೆಲಿನ ಹೊರಗೆ ಮಧ್ಯಾಹ್ನ. ಆಗಷ್ಟೇ ವಿಮಾನ ಇಳಿದು ಬಂದ ನನ್ನ ಮೈಗೆ ನಡುರಾತ್ರಿ. ತೆರೆದರೆ ಯಾರೂ ಇಲ್ಲ. ಹೊಸ್ತಿಲಲ್ಲಿ ಭಾವನ ಎಡಗಾಲಿನ ಶೂ ಇತ್ತು. ಮುಟ್ಟಿದರೆ ಒಳಗೆ ಇನ್ನೂ ಬೆಚ್ಚಗಿತ್ತು.

ಭಾವನೂ ನಾನೂ ಒಂದೇ ಕಂಪನಿಗಾಗಿ ದೇಶ ದೇಶ ಸುತ್ತುತ್ತಿದ್ದವರು. ಕಳೆದ ತಿಂಗಳು ಅವರು, "ಕಾಲು ಊದ್ಕೊಂಡಿದೆ ಕಣೋ, ಶೂ ಒಳಗೇ ಹೋಗ್ತಿಲ್ಲ," ಎಂದಿದ್ದರು. ಸರದಿ ಅವರದಲ್ಲದಿದ್ದರೂ ಹದಿನಾಲ್ಕು ಗಂಟೆಯ ಪ್ರಯಾಣಕ್ಕೆ ಯಾರೋ ಅವರ ಹೆಸರು ಬರೆಸಿದರು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೇರಿ, ಸೀಟಿನಲ್ಲೇ ತೀರಿಕೊಂಡರು.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ನಿನ್ ಭಾವನ ಒಂದು ಶೂ ಬೆಳಗಿಂದ ಕಾಣ್ತಿಲ್ಲ ಕಣೋ. ಹೆಸರು ಬರೆಸಿದ ಪಾಪೀನ ಹುಡುಕ್ಕೊಂಡು ಹೋಗಿರ್ಬೇಕು. ಯಾರೋ ಅವನು?"

ಬಾಗಿಲ ಮೇಲೆ ಮತ್ತೆ ಮೂರು ಬಡಿತ. ಊದಿಕೊಂಡ ನನ್ನ ಎಡಗಾಲನ್ನು ನೆಲಕ್ಕೂರಲಾಗಲಿಲ್ಲ.

"ನಾನೇ, ಅಕ್ಕ."