ಕಾನ್ಹೇರಿ ಗುಹೆಯಲ್ಲಿ ಕರೆದವಳು

ಮದುವೆಯಾಗಿ ದಹಿಸರ್‌ಗೆ ಬಂದ ಹೊಸತರಲ್ಲಿ ಯಜಮಾನರು ನನಗೆ ಕಾನ್ಹೇರಿ ಗುಹೆ ತೋರಿಸಲು ಕರೆದೊಯ್ದಿದ್ದರು. ಬಿಸಿಲು ಸುಡುತ್ತಿದ್ದರೂ ಒಂದು ಗುಹೆಯ ಬಾಗಿಲಲ್ಲಿ ಮಾತ್ರ ಪಾದಕ್ಕೆ ತಣ್ಣನೆಯ ಗಾಳಿ ತಾಗುತ್ತಿತ್ತು. ನಾವು ಅಲ್ಲೇ ಪೇರಲಹಣ್ಣು ತಿನ್ನುತ್ತ ನಿಂತೆವು.

"ಕಾಶಿನಾಥಾ," ಎಂದು ಒಳಗಿನಿಂದ ಹೆಣ್ಣೊಬ್ಬಳು ಕರೆದಳು. ಆ ದನಿ ನನ್ನದೇ ಆಗಿತ್ತು.

ಯಜಮಾನರು ನನ್ನ ಕಡೆ ತಿರುಗಿ ನಕ್ಕರು. "ಅಂತೂ ನನ್ನ ಹೆಸರು ಹಿಡದು ಕರದಿ ನೋಡು! ಗುಹಾದಾಗ ಹೆಂಗ ಗುಂಯ್ ಅಂತು!"

ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನು ಒಮ್ಮೆಯೂ ಹೇಳಿರಲಿಲ್ಲ.

"ನಾ ಅಲ್ರೀ, ನನ್ನ ಬಾಯಿತುಂಬ ಹಣ್ಣೈತಿ."

"ಮತ್ಯಾರು? ನೋಡೇ ಬಿಡ್ತೀನಿ ತಡಿ," ಎಂದು ಹೊಸ್ತಿಲೊಳಗೆ ಕಾಲಿಟ್ಟರು. ನಾನು ಅಂಗಿ ಹಿಡಿದು ಹೊರಗೆ ಜಗ್ಗಿದೆ.

ಆಗ ಕತ್ತಲೆಯೊಳಗಿನಿಂದ ಅವರದೇ ದನಿ ಅವಳಿಗೆ ಓಗೊಟ್ಟಿತು: "ಬಂದೆ, ತಡಿ."

ನನ್ನ ಪಕ್ಕದಲ್ಲಿ ನಿಂತಿದ್ದ ಯಜಮಾನರು ತುಟಿ ಬಿಚ್ಚಿರಲಿಲ್ಲ.